ಹೆಕ್ಕಿದ ಕಸ ಎಲ್ಲಿಗೆ ಹೋಗ್ತದೆ ಅಕ್ಕೋರೆ?

ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಬಂತೆಂದರೆ ಭಟ್ಕಳದಿಂದ ಕುಮಟಾದವರೆಗಿನ ಕಡಲ ಕಿನಾರೆಯಲ್ಲಿ ಬ್ಯಾನರ್‌ಗಳು ಏಳುತ್ತವೆ. ಅಂದು ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ. ಎನ್‌ಎಸ್‌ಎಸ್‌ನವರು, ಸ್ಕೌಟ್ಸ್‌ನವರು, ಸಂಘ ಸಂಸ್ಥೆಯವರು, ಸಾಲುಗಟ್ಟಿ ಬರುವ ಶಾಲಾ ಮಕ್ಕಳು. ಎರಡು ತಾಸು ಕಸ ಹೆಕ್ಕುವುದು, ಚೀಲದ ರಾಶಿ ಮುಂದಿಟ್ಟುಕೊಂಡು ಫೋಟೊ, ಉಪ್ಪಿಟ್ಟು, ಚಹಾ. ನಾನು ಕಾಲೇಜಿನಲ್ಲಿದ್ದಾಗ ಮೂರು ವರ್ಷವೂ ಹೋಗಿದ್ದೇನೆ. ಖುಷಿಯಾಗಿಯೇ ಹೋಗಿದ್ದೇನೆ. ಮಳೆಗಾಲ ಪೂರ್ತಿ ತಾನು ನುಂಗಿದ್ದನ್ನೆಲ್ಲ ಕಡಲು ಆ ಹೊತ್ತಿಗೆ ತಂದು ದಡಕ್ಕೆ ಒಗೆದಿರುತ್ತದೆ. ಹಾಗಾಗಿ ಕೆಲಸಕ್ಕಂತೂ ಬರಗಾಲವಿಲ್ಲ.

1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಇಬ್ಬರು ಮಹಿಳೆಯರ ಮುತುವರ್ಜಿಯಿಂದ ಶುರುವಾದದ್ದು ಇದು. ಅವರು ಮೊದಲ ದಿನವೇ ಮಾಡಿದ ಒಂದು ಕೆಲಸ ನಮ್ಮಲ್ಲಿ ಹೆಚ್ಚಿನ ಕಡೆ ಬಿಟ್ಟುಹೋಗಿದೆ. ಅವರು ಹೆಕ್ಕಿದ ಕಸವನ್ನು ಎಣಿಸಿದ್ದರು. ಯಾವ ವಸ್ತು ಎಷ್ಟು ಸಿಕ್ಕಿತು ಎಂದು ಹಾಳೆಯಲ್ಲಿ ಬರೆಸಿದ್ದರು. ಎಣಿಸದೆ ಹೆಕ್ಕಿದರೆ ಕಿನಾರೆ ಚೊಕ್ಕಟವಾಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಮೊದಲಿನಂತೆಯೇ ಆಗುತ್ತದೆ. ಎಣಿಸಿದರೆ ಮಕ್ಕಳ ಬಾಯಲ್ಲಿ ಪ್ರಶ್ನೆ ಹುಟ್ಟುತ್ತದೆ. ಇದನ್ನು ನನಗೆ ಕಲಿಸಿದ್ದು ಆರು, ಏಳನೇ ತರಗತಿಯ ಮಕ್ಕಳು.

ನಾನು ಬಿ.ಇಡಿ ಮುಗಿಸಿ, ಟಿಇಟಿ ಪಾಸಾಗಿ, ನೇಮಕಾತಿ ಅಧಿಸೂಚನೆಗೆ ಕಾಯುತ್ತಿರುವ ಸಾವಿರಾರು ಜನರಲ್ಲಿ ಒಬ್ಬಳು. ಕಾಯುವ ಹೊತ್ತಿನಲ್ಲಿ ಹೊನ್ನಾವರ ತಾಲ್ಲೂಕಿನ ಕಡಲಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಮ್ಮ ಕಡೆ ಟೀಚರ್ ಎನ್ನುವುದಿಲ್ಲ, ಅಕ್ಕೋರು. ಸಂಬಳ ತಿಂಗಳಿಗೆ ಸರಿಯಾಗಿ ಬರದಿದ್ದರೂ ‘ಅಕ್ಕೋರೆ’ ಎಂಬ ಕೂಗು ಮಾತ್ರ ದಿನಕ್ಕೆ ನೂರು ಸಲ ಬರುತ್ತದೆ. ಶಾಲೆಯ ಹಿಂದೆ ಗಾಳಿಮರದ ತೋಪು, ಅದರಾಚೆ ಹೊಯ್ಗೆ, ಹೊಯ್ಗೆಯಾಚೆ ಕಡಲು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ತಿಂಗಳಿಗೆ ಎರಡು ಶನಿವಾರ, ಕಡಲು ಇಳಿತವಿದ್ದ ದಿನ ನೋಡಿ, ಕೊನೆಯ ಒಂದು ತಾಸು ಮಕ್ಕಳೊಂದಿಗೆ ದಡಕ್ಕೆ ಹೋಗುವುದೆಂದು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದೆ. ಇಡೀ ಕಿನಾರೆಯನ್ನಲ್ಲ, ಗಾಳಿಮರದ ಒಂದು ತುದಿಯಿಂದ ಇನ್ನೊಂದು ತುದಿಗೆ ಇನ್ನೂರು ಹೆಜ್ಜೆ. ಅಷ್ಟೇ ನಮ್ಮ ಪಾಲು.

ಎರಡನೇ ಶನಿವಾರವೇ ಒಬ್ಬ ಹುಡುಗನ ಅಪ್ಪ ಬಂದರು. ಜಗಳಕ್ಕೆ ಬಂದವರಲ್ಲ, ಆದರೆ ದನಿ ಗಟ್ಟಿಯಿತ್ತು. ‘ಅಕ್ಕೋರೆ, ನಮ್ಮ ಹುಡುಗ ಶಾಲೆಗೆ ಬರೂದು ಓದೂಕೆ. ಕಸ ಹೆಕ್ಕೂಕೆ ಅಲ್ಲ. ನಮ್ಮ ಅಪ್ಪ, ನಾನು ಬೇರೆಯವರ ಅಂಗಳ ಗುಡಿಸಿದ್ದು ಸಾಕು.’

ಈ ಮಾತಿಗೆ ತಯಾರಾದ ಉತ್ತರ ಯಾವ ಬಿ.ಇಡಿ ಪುಸ್ತಕದಲ್ಲೂ ಇಲ್ಲ. ಕಸ ಎನ್ನುವುದು ಈ ದೇಶದಲ್ಲಿ ಬರೀ ಕಸವಲ್ಲ. ಯಾರು ಹೆಕ್ಕಬೇಕು, ಯಾರು ಹಾಕಬಹುದು ಎಂದು ತಲೆತಲಾಂತರದಿಂದ ತೀರ್ಮಾನವಾಗಿಬಿಟ್ಟಿದೆ. ಮಕ್ಕಳಿಂದ, ಅದರಲ್ಲೂ ಕೆಲವೇ ಮಕ್ಕಳಿಂದ ಶೌಚಾಲಯ ತೊಳೆಸಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಸುದ್ದಿಯಾಗಿವೆ. ಹಾಗಿರುವಾಗ ‘ಪರಿಸರ ಜಾಗೃತಿ’ ಎಂದು ನಾವು ಸಲೀಸಾಗಿ ಹೇಳಿದ್ದು ಆ ಅಪ್ಪನ ಕಿವಿಗೆ ಹಳೆಯ ಆಜ್ಞೆಯಂತೆಯೇ ಕೇಳಿಸಿದರೆ ಅದರಲ್ಲಿ ತಪ್ಪೇನು? ನಾನು ಅವರನ್ನು ಮುಂದಿನ ಶನಿವಾರ ಬಂದು ನೋಡಲು ಕೇಳಿಕೊಂಡೆ. ಬಂದರು. ಗಾಳಿಮರದ ಬುಡದಲ್ಲಿ ಕೈಕಟ್ಟಿ ನಿಂತು ಪೂರ್ತಿ ನೋಡಿದರು. ಮುಖ್ಯ ಶಿಕ್ಷಕರು ಬಗ್ಗಿ ಹೆಕ್ಕುತ್ತಿದ್ದರು, ನಾನು ಹೆಕ್ಕುತ್ತಿದ್ದೆ, ಪಟ್ಟಣದಿಂದ ಬೈಕಿನಲ್ಲಿ ಬರುವ ಗಣಿತದ ಮಾಸ್ತರರೂ ಹೆಕ್ಕುತ್ತಿದ್ದರು. ಎಣಿಸುವ ಪುಸ್ತಕ ಅವರ ಮಗನ ಕೈಯಲ್ಲಿತ್ತು. ಅವರು ಹೋಗುವಾಗ ಏನೂ ಹೇಳಲಿಲ್ಲ. ಆದರೆ ಹುಡುಗ ಬರುವುದು ನಿಲ್ಲಲಿಲ್ಲ.

ಅಂದಿನಿಂದ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಯಾರಿಗೂ ಶಿಕ್ಷೆಯಾಗಿ ಕಸ ಹೆಕ್ಕಿಸುವಂತಿಲ್ಲ. ಲೇಟಾಗಿ ಬಂದವರು, ಹೋಮ್‌ವರ್ಕ್ ಮಾಡದವರು ಎಂದು ಆರಿಸುವಂತಿಲ್ಲ. ಯಾರು ಹೆಕ್ಕುವುದು, ಯಾರು ಬೇರ್ಪಡಿಸುವುದು, ಯಾರು ಬರೆಯುವುದು ಎಂಬುದು ಪ್ರತಿ ಸಲವೂ ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಇದು ಯಾಕೆ ಬೇಕಾಯಿತೆಂದರೆ, ಮೊದಲ ದಿನ ನಾವು ಏನೂ ಹೇಳುವ ಮೊದಲೇ ಹುಡುಗಿಯರು ಪೊರಕೆ ಹಿಡಿದು ನಿಂತಿದ್ದರು, ಹುಡುಗರು ಪೆನ್ನು ಹಿಡಿದಿದ್ದರು. ಗಾಜು, ಸಿರಿಂಜು, ಡೈಪರ್, ಔಷಧಿ ಬಾಟಲಿ ಕಂಡರೆ ಮಕ್ಕಳು ಮುಟ್ಟುವುದಿಲ್ಲ. ಕೋಲು ನೆಟ್ಟು ಕೂಗುತ್ತಾರೆ, ದೊಡ್ಡವರು ಹೋಗಿ ಇಕ್ಕಳದಲ್ಲಿ ತೆಗೆಯುತ್ತೇವೆ. ಮನೆಯಿಂದ ಒಪ್ಪಿಗೆ ಚೀಟಿ ಬಾರದೆ ಯಾರನ್ನೂ ಕರೆದೊಯ್ಯುವುದಿಲ್ಲ.

ನೀರಿಗೆ ಬೆನ್ನು ಹಾಕಿ ನಿಲ್ಲುವಂತಿಲ್ಲ ಎಂಬುದು ಇನ್ನೊಂದು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕಡಲ ಮಕ್ಕಳಿಗೆ ಕಡಲ ಬಗ್ಗೆ ಹೇಳುವುದೇನು ಎಂದು ಕೆಲವರು ನಗುತ್ತಾರೆ. ಅಲೆಗೆ ಯಾರ ಮಕ್ಕಳಾದರೂ ಒಂದೇ. ಮೊಣಕಾಲು ಮುಳುಗುವ ನೀರಿನಲ್ಲಿ ತೇಲುವ ಬಾಟಲಿ ಎಷ್ಟೇ ಆಸೆ ಹುಟ್ಟಿಸಲಿ, ಅದು ಕಡಲಿನದೇ, ನಮ್ಮದಲ್ಲ. ದಡಕ್ಕೆ ಬಂದ ಮೇಲೆ ಮಾತ್ರ ನಮ್ಮ ಲೆಕ್ಕ.

ಇನ್ನು ಲೆಕ್ಕದ ಪುಸ್ತಕ. ಇನ್ನೂರು ಹೆಜ್ಜೆಯಲ್ಲಿ ಮೊದಲ ದಿನವೇ ಗುಟ್ಕಾ ಚೀಟು ನೂರು ದಾಟಿತು. ಆಮೇಲೆ ನೀರಿನ ಬಾಟಲಿ, ಬಾಟಲಿಗಿಂತ ಹೆಚ್ಚು ಮುಚ್ಚಳ, ಶಾಂಪೂ ಸ್ಯಾಶೆ, ಥರ್ಮಾಕೋಲ್ ಚೂರು, ಬಲ್ಬು, ಒಂಟಿ ಚಪ್ಪಲಿ. ಒಂಟಿ ಚಪ್ಪಲಿಗಳು ಎಷ್ಟೆಂದರೆ, ಈ ಕಿನಾರೆಯಲ್ಲಿ ಜನ ಒಂದೇ ಕಾಲಿನಲ್ಲಿ ನಡೆಯುತ್ತಾರೋ ಏನೋ ಎಂದು ಮಕ್ಕಳು ನಕ್ಕಿದ್ದೇ ನಕ್ಕಿದ್ದು. ನಗು ನಿಂತದ್ದು ಐದು ರೂಪಾಯಿ ಚಿಪ್ಸ್ ಪೊಟ್ಟಣ ಎಣಿಸುವಾಗ. ಅದು ಶಾಲೆಯೆದುರಿನ ಗೂಡಂಗಡಿಯಲ್ಲಿ ಸಿಗುವ ಮಾಲು. ಬೇರೆಲ್ಲ ಕಸಕ್ಕೂ ‘ಪ್ರವಾಸಿಗರು’, ‘ಬೋಟಿನವರು’, ‘ಘಟ್ಟದ ಮೇಲಿನವರು’ ಎಂದು ವಾರಸುದಾರರನ್ನು ಹುಡುಕಿಕೊಟ್ಟ ಮಕ್ಕಳು ಇದರ ಮುಂದೆ ಸುಮ್ಮನಾದರು. ನಾನೂ ಏನೂ ಹೇಳಲಿಲ್ಲ. ಅಲ್ಲಿ ಭಾಷಣ ಮಾಡಿದ್ದರೆ ಕೆಟ್ಟುಹೋಗುತ್ತಿತ್ತು.

ಬಲೆಯ ಚೂರುಗಳ ಸಂಗತಿ ಬೇರೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿದ ಯಾವ ಪ್ರಶ್ನೆಗೂ ಬಾಯಿ ಬಿಡದ ಒಬ್ಬ ಹುಡುಗನಿದ್ದ. ಅವನ ಮನೆಯವರು ಮೀನುಗಾರಿಕೆಯವರು. ನಮಗೆಲ್ಲ ಒಂದೇ ಥರ ಕಾಣುವ ನೈಲಾನ್ ಗಂಟುಗಳನ್ನು ಅವನು ಕೈಯಲ್ಲಿ ಎತ್ತಿ ಹಿಡಿದು, ಕಣ್ಣಿನ ಅಗಲ ನೋಡಿ, ಇದು ಟ್ರಾಲ್ ಬೋಟಿನದು, ಇದು ಪಾತಿ ದೋಣಿಯವರ ಬಲೆ, ಇದು ಏಡಿ ಹಿಡಿಯುವುದು ಎಂದು ಬೇರೆ ಬೇರೆ ಇಟ್ಟ. ಹಳೆಯ ಬಲೆಯನ್ನು ನಮ್ಮಲ್ಲಿ ಯಾರೂ ಸುಮ್ಮನೆ ಎಸೆಯುವುದಿಲ್ಲ. ಹಿತ್ತಲಿನ ಬೇಲಿಗೆ, ಬಾವಿ ಮುಚ್ಚಲು, ಕೋಳಿ ಗೂಡಿಗೆ ಬೇಕಾಗುತ್ತದೆ. ಹಾಗಾದರೆ ಇಷ್ಟೊಂದು ಚೂರು ಎಲ್ಲಿಂದ? ಕಲ್ಲಿಗೆ ಸಿಕ್ಕಿ ಹರಿದದ್ದು, ಬೋಟಿನ ಮೇಲೆಯೇ ರಿಪೇರಿ ಮಾಡುವಾಗ ಕತ್ತರಿಸಿ ಕಡಲಿಗೆ ಬಿಟ್ಟದ್ದು ಎಂದು ಅವನೇ ಹೇಳಿದ. ಕಡಲಲ್ಲಿ ಬಿಟ್ಟ ಬಲೆ ಯಾರೂ ಎಳೆಯದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ, ಆಮೆಯೂ ಸಿಕ್ಕಿ ಉಸಿರುಗಟ್ಟುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅವನು ಕಣ್ಣಾರೆ ನೋಡಿದ್ದ. ಅಂದು ಪಾಠ ಮಾಡಿದವನು ಅವನು, ಟಿಪ್ಪಣಿ ಬರೆದುಕೊಂಡವಳು ನಾನು.

ಬಿ.ಇಡಿಯಲ್ಲಿ ನನ್ನ ಜತೆಗಿದ್ದ ಇಬ್ಬರು ಗೆಳತಿಯರು ಭಟ್ಕಳ ಮತ್ತು ಕುಮಟಾ ತಾಲ್ಲೂಕಿನ ಶಾಲೆಗಳಲ್ಲಿದ್ದಾರೆ. ಅವರೂ ಇದೇ ಲೆಕ್ಕದ ಪುಸ್ತಕ ಶುರುಮಾಡಿದರು. ಮೂವರದೂ ಒಂದು ವಾಟ್ಸ್ಆ್ಯಪ್ ಗುಂಪು. ಭಟ್ಕಳದಿಂದ ಬರುವ ಪಟ್ಟಿ ಓದುವುದೇ ಮಜಾ. ಅಲ್ಲಿ ಅರಬ್ಬಿ ಅಕ್ಷರದ ಬಾಟಲಿ, ಪೊಟ್ಟಣಗಳು ಸಿಗುತ್ತವೆ. ಇವು ಕಡಲ ಮೇಲೆ ತೇಲಿ ಬಂದವೋ ಅಥವಾ ದುಬೈನಿಂದ ಯಾರದೋ ಪೆಟ್ಟಿಗೆಯಲ್ಲಿ ಕುಳಿತು ವಿಮಾನದಲ್ಲಿ ಬಂದವೋ ಎಂದು ಮಕ್ಕಳೊಳಗೆ ವಾದ. ತೇಲಿ ಬಂದದ್ದಾದರೆ ಬಣ್ಣ ಹೋಗಿ, ಮೇಲೆ ಚಿಪ್ಪಿನ ಹುಳ ಅಂಟಿರಬೇಕು ಎಂದು ಒಬ್ಬಳು ತೀರ್ಪು ಕೊಟ್ಟಳಂತೆ. ಹೆಚ್ಚಿನವು ಹೊಸದಾಗಿಯೇ ಇದ್ದವು. ಅಲ್ಲಿಗೆ ವಾದ ಮುಗಿಯಿತು. ಮನೆಯಲ್ಲಿ ನವಾಯತಿ ಮಾತನಾಡುವ ಮಕ್ಕಳೂ ಕೊಂಕಣಿ ಮಾತನಾಡುವ ಮಕ್ಕಳೂ ಸೇರಿ ಕನ್ನಡ, ಉರ್ದು ಎರಡರಲ್ಲೂ ಫಲಕ ಬರೆದು ನೆಟ್ಟಿದ್ದಾರೆ.

ಕುಮಟಾದ ಗೆಳತಿಯ ಶಾಲೆ ಅಘನಾಶಿನಿ ಅಳಿವೆಯ ಹತ್ತಿರ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗು ಪ್ರದೇಶ ಇದು, ಸುಮಾರು 4,800 ಹೆಕ್ಟೇರ್. ಮಕ್ಕಳಿಗೆ ರಾಮ್ಸಾರ್ ಗೊತ್ತಿಲ್ಲ, ಬಳಚು ಗೊತ್ತು. ಇಳಿತದ ಹೊತ್ತಿಗೆ ಅಜ್ಜಿ, ದೊಡ್ಡಮ್ಮಂದಿರು ಕೆಸರಿನಲ್ಲಿ ಕುಳಿತು ಬಳಚು ತೆಗೆಯುವುದನ್ನು ನೋಡುತ್ತಲೇ ಬೆಳೆದವರು. ಬಳಚು ನೀರನ್ನು ಒಳಗೆಳೆದು ಸೋಸಿ ಬದುಕುವ ಜೀವಿ; ನೀರಿನಲ್ಲಿ ಏನಿದೆಯೋ ಅದು ಅದರ ಹೊಟ್ಟೆಗೂ, ಅಲ್ಲಿಂದ ನಮ್ಮ ಸಾರಿಗೂ ಬರುತ್ತದೆ ಎಂಬಲ್ಲಿಗೆ ಅಲ್ಲಿನ ಪಾಠ ಮುಗಿಯಿತು. ಹೆಚ್ಚಿಗೆ ಹೇಳುವ ಅಗತ್ಯ ಬೀಳಲಿಲ್ಲ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ ಕಡಲು ಸೇರುವ ನದಿ. ಹಾಗಾಗಿ ಘಟ್ಟದ ಮೇಲೆ ತೋಡಿಗೆ ಎಸೆದದ್ದೂ ತಡೆಯಿಲ್ಲದೆ ಕೆಳಗಿಳಿಯುತ್ತದೆ. ಕಾಂಡ್ಲಾ ಗಿಡಗಳ ಬೇರಿನಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸುವುದು ದಡದಲ್ಲಿ ಹೆಕ್ಕುವುದಕ್ಕಿಂತ ಹತ್ತು ಪಟ್ಟು ಕಷ್ಟವಂತೆ. ಎಳೆದರೆ ಎಳೆಯ ಸಸಿಯೂ ಕಿತ್ತು ಬರುತ್ತದೆ. ಅಲ್ಲಿ ಮಕ್ಕಳು ಕತ್ತರಿ ಒಯ್ಯುತ್ತಾರೆ.

ಮಕ್ಕಳನ್ನು ಒಮ್ಮೆ ಕಾಸರಕೋಡಿನ ಇಕೋ ಬೀಚಿಗೆ ಕರೆದೊಯ್ದಿದ್ದೆವು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಪಡುಬಿದ್ರಿಯ ಜತೆ ಆ ಪಟ್ಟಿಯಲ್ಲಿದ್ದದ್ದು ನಮ್ಮ ಕಾಸರಕೋಡು. ಡೆನ್ಮಾರ್ಕಿನಲ್ಲಿರುವ ಸಂಸ್ಥೆಯೊಂದು 33 ಮಾನದಂಡ ನೋಡಿ ಕೊಡುವ ಮಾನ್ಯತೆ ಅದು. ನೀರಿನ ಗುಣಮಟ್ಟ, ಕಸದ ವಿಲೇವಾರಿ, ಶೌಚಾಲಯ, ಜೀವರಕ್ಷಕರು, ಪರಿಸರ ಶಿಕ್ಷಣ ಎಲ್ಲವೂ ಅದರಲ್ಲಿವೆ. ‘ಇಲ್ಲಿ ಯಾಕೆ ಕಸ ಇಲ್ಲ?’ ಎಂದು ಮಕ್ಕಳನ್ನೇ ಕೇಳಿದೆ. ‘ಇಲ್ಲಿ ಹಾಕಿದ್ರೆ ಬೈತಾರೆ’ ಎಂದ ಒಬ್ಬ. ‘ಇಲ್ಲಿ ದಿನಾ ಗುಡಿಸೋರು ಇದ್ದಾರೆ’ ಎಂದಳು ಇನ್ನೊಬ್ಬಳು. ಎರಡನೆಯ ಉತ್ತರವೇ ಸರಿಯೆಂದು ನನ್ನ ಅಭಿಪ್ರಾಯ. ಚೊಕ್ಕಟತನ ಎಂಬುದು ತಾನಾಗಿ ಇರುವಂಥದ್ದಲ್ಲ, ಯಾರೋ ಬಿಸಿಲಿಗೆ ಮುಂಚೆ ಎದ್ದು ದುಡಿದದ್ದು. ಆ ದುಡಿಮೆಗೆ ಕೂಲಿ ಬೇಕು. ವರ್ಷಕ್ಕೊಮ್ಮೆ ಬರುವ ನಮ್ಮಂಥ ಸ್ವಯಂಸೇವಕರಿಂದ ಆಗುವ ಕೆಲಸ ಅದಲ್ಲ.

ಅಲ್ಲೇ ಹತ್ತಿರದ ಟೊಂಕದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಒಂದೂವರೆ ಎರಡು ತಿಂಗಳಿಗೆ ಮರಿ. ಚಳಿಗಾಲದ ತಿಂಗಳುಗಳಲ್ಲಿ ಹೊಯ್ಗೆ ಕೆದಕುವ ಕುಂಟೆ, ಯಂತ್ರ ಏನನ್ನೂ ದಡಕ್ಕೆ ಒಯ್ಯಬಾರದೆಂದು ಅಲ್ಲಿ ತಿಳಿದುಕೊಂಡೆವು. ಗೂಡು ಕಂಡರೆ ಅರಣ್ಯ ಇಲಾಖೆಯವರಿಗೆ ಹೇಳಿ ದೂರ ಸರಿಯುವುದು. ಇದೇ ಟೊಂಕದಲ್ಲಿ ಬರಲಿರುವ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ‘ನಾವು ಚಿಪ್ಸ್ ಪೊಟ್ಟಣ ಹೆಕ್ಕಿದ್ರೆ ಆಮೆ ಉಳೀತದಾ, ಬಂದರು ಬಂದ್ರೆ?’ ಎಂದು ಏಳನೇ ತರಗತಿಯವಳು ಕೇಳಿದಳು. ಪೊಟ್ಟಣದಿಂದ ಶುರುವಾದ ಪ್ರಶ್ನೆ ಅಷ್ಟು ದೂರ ಹೋದದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಉತ್ತರ ಸುಲಭದ್ದಲ್ಲ ಎಂದು ಅವಳಿಗೆ ಹೇಳಿದೆ, ಎರಡೂ ಕಡೆಯವರು ಹೇಳುವುದನ್ನು ಪತ್ರಿಕೆಯಲ್ಲಿ ಓದಿ ತರಲು ಹೇಳಿದೆ.

ಎಲ್ಲಕ್ಕಿಂತ ಗಂಭೀರ ಪ್ರಶ್ನೆ ಬಂದದ್ದು ನಮ್ಮದೇ ಚೀಲಗಳಿಂದ. ಹೆಕ್ಕಿದ್ದನ್ನು ಬೇರ್ಪಡಿಸಿ ಹನ್ನೊಂದು ಚೀಲ ಕಟ್ಟಿಟ್ಟಿದ್ದೆವು. ಪಂಚಾಯಿತಿಯ ಗಾಡಿ ಸೋಮವಾರ ಬಂದು ಒಯ್ಯುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ಆ ಸೋಮವಾರ ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ. ನಾಯಿಗಳು ಎರಡು ಚೀಲ ಹರಿದವು. ಮೂರನೇ ವಾರ ಒಂದು ರಾತ್ರಿ ಯಾರೋ ಉಳಿದದ್ದಕ್ಕೆಲ್ಲ ಬೆಂಕಿ ಹಚ್ಚಿದರು. ಬೆಳಿಗ್ಗೆ ಶಾಲೆಗೆ ಬಂದ ಮಕ್ಕಳು ನೋಡಿದ್ದು ಕರಗಿ ಗಟ್ಟಿಯಾದ ಕಪ್ಪು ಮುದ್ದೆ, ಅಡರಿದ ನಾತ. ‘ಹೆಕ್ಕಿದ ಕಸ ಎಲ್ಲಿಗೆ ಹೋಗ್ತದೆ ಅಕ್ಕೋರೆ?’ ಎಂದು ಮೊದಲ ದಿನ ಕೇಳಿದ್ದ ಹುಡುಗಿ ಅಂದು ಏನೂ ಕೇಳಲಿಲ್ಲ. ಮುಂದಿನ ಶನಿವಾರ ಅರ್ಧಕ್ಕರ್ಧ ಮಕ್ಕಳು, ‘ಇವತ್ತು ಹೆಕ್ಕೂದು ಬೇಡ’ ಎಂದರು.

ಬೇಡ ಎಂದರೆ ಬೇಡ. ಆ ತಿಂಗಳು ನಾವು ಒಂದು ಪೊಟ್ಟಣವನ್ನೂ ಎತ್ತಲಿಲ್ಲ. ಹೆಕ್ಕಿ ಹೆಕ್ಕಿ ಸುಡಿಸುವುದಾದರೆ, ಮಕ್ಕಳ ಕೈಯಿಂದ ನಾವು ಕಸವನ್ನು ಹೊಗೆ ಮಾಡಿಸುತ್ತಿದ್ದೇವೆ ಎಂದಷ್ಟೇ ಅರ್ಥ. ಸ್ವಚ್ಛತಾ ಅಭಿಯಾನ ಎಂದರೆ ಎಷ್ಟೋ ಕಡೆ ಇಷ್ಟೇ ಆಗುತ್ತಿದೆ. ಕಸ ಕಿನಾರೆಯಿಂದ ರಸ್ತೆ ಬದಿಗೆ ಜಾಗ ಬದಲಿಸುತ್ತದೆ, ಫೋಟೊದಲ್ಲಿ ಆ ಭಾಗ ಬರುವುದಿಲ್ಲ. ಚೀಲ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗದ ಹೊರತು ಮಕ್ಕಳನ್ನು ಸಾಲು ನಿಲ್ಲಿಸಲೇಬಾರದು ಎಂದು ಈಗ ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ಹೆಚ್ಚಾಗಿ ಅಲ್ಲಿ ಮಕ್ಕಳು ಪ್ರಾರ್ಥನೆ ಹಾಡುತ್ತಾರೆ, ಹಿರಿಯರು ಮಾತಾಡುತ್ತಾರೆ. ಈ ಸಲ ನಮ್ಮ ಮಕ್ಕಳು ಲೆಕ್ಕದ ಪುಸ್ತಕ ಹಿಡಿದು ಹೋದರು. ಭಾಷಣ ಬರೆದುಕೊಡಲು ನಾನು ಒಪ್ಪಿರಲಿಲ್ಲ. ಆ ಹುಡುಗಿ ಎದ್ದು ನಿಂತು ಯಾವ ತಾರೀಕು ಎಷ್ಟು ಚೀಲ, ಅದರಲ್ಲಿ ಏನೇನು ಎಂದು ಓದಿದಳು. ಕೊನೆಗೆ ‘ಗಾಡಿ ನಮ್ಮ ಕೇರಿಗೆ ಯಾವ ವಾರ ಬರ್ತದೆ? ಬೋರ್ಡಿನ ಮೇಲೆ ಬರೀರಿ’ ಎಂದಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಪಿಡಿಒ ಗಾಡಿಯ ಡೀಸೆಲ್, ಚಾಲಕರ ಕೊರತೆ, ಒಣಕಸ ಘಟಕದಲ್ಲಿ ಜಾಗ ಸಾಲದಿರುವುದು ಎಲ್ಲವನ್ನೂ ವಿವರಿಸಿದರು. ನಿಜವಾದ ತೊಂದರೆಗಳೇ ಅವು. ಮಕ್ಕಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಬುಧವಾರ ಎಂದು ತೀರ್ಮಾನವಾಯಿತು. ಗಾಡಿ ಎಲ್ಲ ಬುಧವಾರವೂ ಬರುತ್ತದೆಂದು ನಾನು ಹೇಳಲಾರೆ. ಬಾರದ ಬುಧವಾರಗಳನ್ನು ಮಕ್ಕಳು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ, ತಿಂಗಳ ಕೊನೆಗೆ ಪ್ರತಿಯೊಂದು ಪಂಚಾಯಿತಿಗೆ ಹೋಗುತ್ತದೆ. ಈಚೆಗೆ ಕೆಂಪು ಕಡಿಮೆಯಾಗಿದೆ.

ಗಾಡಿ ಓಡಿಸುವವರು ಸ್ವಸಹಾಯ ಸಂಘದ ಒಬ್ಬ ಅಕ್ಕ. ಅವರನ್ನು ಒಂದು ದಿನ ತರಗತಿಗೆ ಕರೆದೆವು. ಕುರ್ಚಿಯಲ್ಲಿ ಕೂರಲು ಸಂಕೋಚಪಟ್ಟರು, ಕೂತ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಬಾಟಲಿಗೆ, ರಟ್ಟಿಗೆ, ಕಬ್ಬಿಣಕ್ಕೆ ಗುಜರಿಯವರು ದುಡ್ಡು ಕೊಡುತ್ತಾರೆ. ಒಳಗೆ ಬೆಳ್ಳಿ ಬಣ್ಣವಿರುವ ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟು ಯಾರಿಗೂ ಬೇಡ ಎಂದರು. ಊಟ ಅಂಟಿದ ಪ್ಲಾಸ್ಟಿಕ್ ಮುಟ್ಟುವಾಗ ಎಷ್ಟು ಹೇಸಿಗೆಯಾಗುತ್ತದೆ, ಗಾಜು ಹೇಗೆ ಕೈ ಕೊಯ್ಯುತ್ತದೆ ಎಂದು ಅಂಗೈ ತೋರಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಆ ಗಾಯದ ಗೆರೆ ನೋಡಿಬಂದರು. ಕೊಟ್ಟ ಚಹಾ ಕುಡಿದು ಹೊರಟ ಅವರಿಗೆ ಇಡೀ ತರಗತಿ ಎದ್ದು ನಮಸ್ಕಾರ ಹೇಳಿತು. ಹಾಗೆ ಮಾಡಿ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಈಗ ಮಕ್ಕಳು ಮನೆಯಲ್ಲಿ ಗಾಜು ಒಡೆದರೆ ಪೇಪರಿನಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಕೊಡುತ್ತಾರಂತೆ.

ಪರಿಸರ ಕಾಪಾಡುವುದು ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಪರಿಸರವನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟದ್ದು 1991ರಲ್ಲಿ, ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆಲ್ಲ ಈ ಎರಡೂ ಬಾಯಿಪಾಠ, ಒಂದೊಂದು ಅಂಕದ ಪ್ರಶ್ನೆಗಳು. ಅಂಕದಾಚೆಗೆ ಅದನ್ನು ಮಾಡಿ ನೋಡುವ ಮನಸ್ಸಿದ್ದರೆ, ಕೆಲಸಕ್ಕೆ ಕಾಯುತ್ತಿರುವ ಗೆಳೆಯ ಗೆಳತಿಯರೇ, ನಿಮ್ಮೂರಿನ ಶಾಲೆಗೆ ಶನಿವಾರ ಒಂದು ತಾಸು ಹೋಗಬಹುದು. ದೊಡ್ಡವರ ಕೈ ಎಷ್ಟಿದ್ದರೂ ಸಾಲದು, ಹತ್ತು ಮಕ್ಕಳಿಗೊಬ್ಬ ದೊಡ್ಡವರಾದರೂ ಬೇಕು. ಬ್ಯಾನರ್ ಬೇಡ. ಕಡಲಿಲ್ಲದ ಊರಿನಲ್ಲಿ ಕೆರೆ ಏರಿ ಇದೆ, ಬಸ್‌ಸ್ಟ್ಯಾಂಡ್ ಇದೆ, ಜಾತ್ರೆ ಮುಗಿದ ಗದ್ದೆ ಇದೆ. ಮೊದಲು ಕಸದ ಗಾಡಿಯ ವಾರ ಕೇಳಿಕೊಳ್ಳಿ.

ನಮ್ಮ ಇನ್ನೂರು ಹೆಜ್ಜೆಯಲ್ಲಿ ಗುಟ್ಕಾ ಚೀಟಿನ ಲೆಕ್ಕ ಇಳಿದಿಲ್ಲ. ಚಿಪ್ಸ್ ಪೊಟ್ಟಣ ಇಳಿದಿದೆ, ಗೂಡಂಗಡಿಯ ಅಜ್ಜ ಎದುರಿಗೆ ಒಂದು ಡಬ್ಬ ಇಟ್ಟಿದ್ದಾರೆ. ಸದ್ಯಕ್ಕೆ ನಮ್ಮ ತಲೆನೋವು ಕೈಗವಸಿನದು. ಹೊನ್ನಾವರ ಪೇಟೆಯಲ್ಲಿ ಸಿಗುವುದೆಲ್ಲ ದೊಡ್ಡವರ ಅಳತೆ; ಆರನೇ ತರಗತಿಯ ಮಕ್ಕಳ ಕೈಯಿಂದ ಜಾರಿ, ಮೊದಲು ಹೆಕ್ಕಬೇಕಾದದ್ದೇ ಅದಾಗಿದೆ. ಚಿಕ್ಕ ಅಳತೆಯವು ಕುಮಟಾದಲ್ಲೋ ಭಟ್ಕಳದಲ್ಲೋ ಸಿಗುತ್ತವೆಂದು ಗೊತ್ತಿದ್ದವರು ಹೇಳಿ, ಮೂವತ್ತು ಜತೆ ಬೇಕು.